ಮುತ್ತಿನಂಥ ಒಂದು ವರ್ಷಾಶನ

ಐವತ್ತು ದಾಟಿದ ವೃತ್ತಿಪರ ಗಾಲ್ಫ್ ಆಟಗಾರರ ಪಿಜಿಎ ಟೂರ್ ಚಾಂಪಿಯನ್ಸ್ ಎಂಬ ಟೂರ್ನಿ ಸರಣಿಯ 2017ರ ಋತುವನ್ನು ನೆನೆದಾಗಲೆಲ್ಲ, ‘ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು’ ಎಂದ ನಮ್ಮ ಹಿರಿಯರೊಬ್ಬರು ಅಮೆರಿಕಕ್ಕೆ ಹೋಗಿ ಅಲ್ಲಿನ ಅಂಕಗಳ ಲೆಕ್ಕ ಬರೆದುಕೊಟ್ಟಿರಬೇಕೆಂಬ ಗುಮಾನಿ ನನ್ನನ್ನು ಕಾಡುತ್ತದೆ. ಆ ವರ್ಷ ಅರವತ್ತರ ಬರ್ನ್‌ಹಾರ್ಡ್ ಲ್ಯಾಂಗರ್ ಏಳು ಟೂರ್ನಿಗಳನ್ನು ಗೆದ್ದರು. ಅವುಗಳಲ್ಲಿ ಮೂರು, ಅತಿ ಪ್ರತಿಷ್ಠಿತವೆನಿಸಿದ ಮೇಜರ್‌ಗಳು. ಕೆವಿನ್ ಸದರ್ಲೆಂಡ್ ಒಂದನ್ನು ಗೆದ್ದರು. ಆ ಒಂದು, ನವೆಂಬರ್‌ನಲ್ಲಿ ಫೀನಿಕ್ಸ್ ಕಂಟ್ರಿ ಕ್ಲಬ್ಬಿನಲ್ಲಿ ನಡೆದ ಕಡೆಯ ಟೂರ್ನಿಯಾಗಿದ್ದುದರಿಂದ, ಇಡೀ ಋತುವಿನ ಆಟಕ್ಕೆಂದು ಮೀಸಲಾದ ಚಾರ್ಲ್ಸ್ ಶ್ವಾಬ್ ಕಪ್ಪೂ ಅದರೊಂದಿಗಿನ ಕಂತುಗಳಲ್ಲಿ ಸಿಗುವ ಒಟ್ಟು ಹತ್ತು ಲಕ್ಷ ಡಾಲರಿನ ವರ್ಷಾಶನವೂ ಅವರ ಪಾಲಾದವು.

ಟೂರ್ನಿಗಳಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಈ ಕಪ್. ಆದರೆ ಕಡೆಯ ಟೂರ್ನಿಗೆ ಮುನ್ನ ಹಳೆಯ ಅಂಕಗಳನ್ನು ಒರೆಸಿ, ಮುಂಚೂಣಿಯಲ್ಲಿದ್ದವರ ಅಂತರವನ್ನು ಕುಗ್ಗಿಸಿ ಹೊಸದಾಗಿ ಬರೆಯುವ ಪದ್ಧತಿ ಆಗ ಜಾರಿಯಲ್ಲಿತ್ತು. ಇದರ ಹಿಂದಿನ ಕರುಣೆಯನ್ನು ಯಾರೂ ಗುರುತಿಸಲಿಲ್ಲವೆಂಬುದು ನನ್ನ ಕೊರಗು. ಬಹುಪಾಲು ಟೂರ್ನಿಗಳಲ್ಲಿ ಹಿರಿಯರ ಮೊಣಕಾಲಿಗೆ ನೋವಾಗದಿರಲೆಂದು ಗಾಡಿಯನ್ನೇರಿ ಸಾಗಲು ಬಿಡುವ ಸಂಘಟಕರು, ಅವರ ನೆನಪಿನ ಶಕ್ತಿಗೂ ಶ್ರಮವಾಗಬಾರದೆಂದು, ಜನವರಿಯಿಂದ ಅಕ್ಟೋಬರ್‌ವರೆಗೆ ನಡೆದುದನ್ನೆಲ್ಲ ತಾವೇ ಅವರ ಪರವಾಗಿ ಮರೆತುಬಿಟ್ಟರು.

ಸದರ್ಲೆಂಡ್ ಅವರದೇನೂ ತಪ್ಪಿಲ್ಲ. ಅವರ ಕಥೆ ಇನ್ನೂ ಸೊಗಸಾಗಿದೆ. 2014ರಲ್ಲಿ ನ್ಯೂಯಾರ್ಕ್ ರಾಜ್ಯದ ಎಂಡಿಕಾಟ್‌ನಲ್ಲಿ ಅವರು ಒಂದು ಸುತ್ತನ್ನು 59 ಹೊಡೆತಗಳಲ್ಲಿ ಮುಗಿಸಿದ್ದರು. ಈ ಟೂರ್‌ನಲ್ಲಿ ಅದುವರೆಗೆ ಯಾರೂ ಅಷ್ಟು ಕಡಿಮೆ ಹೊಡೆತಗಳಲ್ಲಿ ಮುಗಿಸಿರಲಿಲ್ಲ, ಅದೂ ಕಡೆಯ ಹೋಲ್‌ನಲ್ಲಿ ಬೋಗಿ (ನಿಗದಿತ ಸಂಖ್ಯೆಗಿಂತ ಒಂದು ಹೊಡೆತ ಹೆಚ್ಚು) ಮಾಡಿಕೊಂಡು! ಆದರೂ ಟೂರ್ನಿ ಅವರದಾಗಲಿಲ್ಲ, ಏಕೆಂದರೆ ಉಳಿದೆರಡು ಸುತ್ತುಗಳನ್ನೂ ಕೂಡಿಸಲಾಯಿತು. ಮೂರು ದಿನದ ಆಟದಲ್ಲಿ ಮೂರು ದಿನವೂ ಎಣಿಕೆಗೆ ಬರುವುದಾದರೆ, ವರ್ಷದ ಕಪ್ಪಿಗೆ ವರ್ಷವೇಕೆ ಎಣಿಕೆಗೆ ಬರಬಾರದು? ತಿಂಗಳುಗಟ್ಟಲೆ ಟಿಕೆಟ್ ಮಾರಿ, ಪ್ರಾಯೋಜಕರಿಂದ ಹಣ ಪಡೆದು ಆಡಿಸಿದ ಪಂದ್ಯಗಳನ್ನು ಟಿವಿಯ ಕುತೂಹಲಕ್ಕಾಗಿ ಕಡೆಯ ವಾರ ಕಸದಬುಟ್ಟಿಗೆ ಹಾಕುವುದು, ಆಡಿದವರಿಗೂ ಕಾಸು ಕೊಟ್ಟು ನೋಡಿದವರಿಗೂ ಮಾಡುವ ಅವಮಾನ. ಇದನ್ನು ನಗಿಸುವಂತೆ ಬರೆಯಲು ನನಗೂ ಬೇಸರವಾಗಿದೆ.

2024ರ ಫೆಬ್ರುವರಿಯಲ್ಲಿ, ಟೆನಿಸ್ ಹೋಲುವ ಪಿಕಲ್‌ಬಾಲ್ ಆಡುತ್ತ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡ ಲ್ಯಾಂಗರ್, ಅದೇ ನವೆಂಬರ್‌ನಲ್ಲಿ, 67ನೆಯ ವಯಸ್ಸಿನಲ್ಲಿ, ಅದೇ ಫೀನಿಕ್ಸ್ ಕ್ಲಬ್ಬಿನಲ್ಲಿ, ಸುಮಾರು ಮೂವತ್ತು ಅಡಿ ದೂರದಿಂದ ಚೆಂಡನ್ನು ಕುಳಿಗೆ ಸೇರಿಸಿ ಅದೇ ಕಡೆಯ ಟೂರ್ನಿಯನ್ನು ಗೆದ್ದರು. ಶ್ವಾಬ್ ಕಪ್ ಮಾತ್ರ ಅವರಿಗಿಂತ ಒಂದು ಹೊಡೆತ ಹಿಂದುಳಿದ ಸ್ಟೀವನ್ ಆಲ್ಕರ್ ಅವರಿಗೆ ಹೋಯಿತು. ಆ ಸಲ ಸಂಘಟಕರಿಗೆ ಇಡೀ ವರ್ಷ ನೆನಪಿತ್ತು.