ಗುಟ್ಟು ಅಂತೆ! ಯಾರಿಂದ ಸ್ವಾಮಿ?

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಟೀವಿಯಲ್ಲಿ ಒಬ್ಬ ಆ್ಯಂಕರ್ ಗಂಟಲು ಹರಿದುಕೊಳ್ಳುತ್ತಿದ್ದ. ಪರದೆ ತುಂಬ ಒಂದು ಉಪಗ್ರಹ ಚಿತ್ರ, ಅದರ ಮೇಲೆ ಕೆಂಪು ವೃತ್ತ, ಕೆಳಗೆ "ಶತ್ರುವಿನ ರಹಸ್ಯ ಡ್ರೋನ್ ನೆಲೆ ಬಯಲು!" ಚಿತ್ರ ಯಾವ ತಾರೀಖಿನದು, ಯಾವ ಜಾಗದ್ದು, ಒಂದನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಮಹಾನುಭಾವ, ಮನೆಯಲ್ಲಿ ಕೂತು ಇಂಥ ಚಿತ್ರ ಕೆದಕುವವರನ್ನೆಲ್ಲ ಹಿಡಿದು ಒಳಗೆ ಹಾಕಬೇಕು ಎಂದ. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ನನ್ನ ಹೊಟ್ಟೆಪಾಡು ನಿಮಗೆ ಗೊತ್ತೇ ಇದೆ. ಹಗಲೆಲ್ಲ ಉಪಗ್ರಹ ಚಿತ್ರದಲ್ಲಿ ಕೆರೆ ಒತ್ತುವರಿ ಹುಡುಕುವುದು, ಅಡಿಕೆ ತೋಟ ಅಳೆಯುವುದು. ರಾತ್ರಿ ಮನೆಯವರು ಸೀರಿಯಲ್ ನೋಡುವಾಗ ನಾನು ಯಾವುದೋ ಮರುಭೂಮಿಯ ಮೇಲೆ ಸುತ್ತುತ್ತಿರುತ್ತೇನೆ. ಚಟ ಅನ್ನಿ.

ಇದರಲ್ಲಿ ಗೂಢಚಾರಿಕೆ ಏನೂ ಇಲ್ಲ. ಗೂಗಲ್ ಅರ್ಥ್‌ನಲ್ಲಿ ಅಳೆಯಲು ಒಂದು ಸ್ಕೇಲ್ ಕೊಟ್ಟಿದ್ದಾರೆ. ಎಫ್-16 ಯುದ್ಧವಿಮಾನದ ಉದ್ದ ಸುಮಾರು 15 ಮೀಟರ್, ರೆಕ್ಕೆಯಿಂದ ರೆಕ್ಕೆಗೆ 10. ಅಮೆರಿಕದ ರೀಪರ್ ಡ್ರೋನ್ ಇದಕ್ಕೆ ಉಲ್ಟಾ: ಉದ್ದ 11, ರೆಕ್ಕೆ 20. ಮೇಲಿನಿಂದ ಏರೋಪ್ಲೇನ್ ಚಿಟ್ಟೆಯ ಹಾಗೆ ಸಣಕಲು ಮೈ, ನೀಳ ರೆಕ್ಕೆ. ಒಂದು ಚುಕ್ಕಿಗೆ ಅರ್ಧ ಮೀಟರ್ ಲೆಕ್ಕದ ಚಿತ್ರದಲ್ಲಿ ಆ ರೆಕ್ಕೆ ನಲವತ್ತು ಚುಕ್ಕಿ. ಗುರುತು ಹಿಡಿಯಲು ಧಾರಾಳ ಆಯಿತು. ವಿಮಾನ ಹೊರಗೆ ನಿಂತಿಲ್ಲವೇ? ಅದನ್ನು ನಿಲ್ಲಿಸುವ ಶೆಡ್ಡಿನ, ಅಂದರೆ ಹ್ಯಾಂಗರ್‌ನ, ಬಾಗಿಲು ಎಷ್ಟು ಅಗಲ ಅಳೆಯಿರಿ. ಪಕ್ಕದಲ್ಲಿ ಡ್ರೋನ್ ನಡೆಸಲು ಬೇಕಾದ ಡಿಶ್ ಆಂಟೆನಾದ ನೆರಳು ಬಿದ್ದಿದೆಯೇ ನೋಡಿ. ಹಳೆಯ ವರ್ಷಗಳ ಚಿತ್ರ ತೆಗೆದು ಬೇಲಿ ಯಾವಾಗ ಎದ್ದಿತು ನೋಡಿ. ಯಾರೋ ನೆಲದ ಮೇಲೆ ನಿಂತು ತೆಗೆದ ಫೋಟೊ ಸಿಕ್ಕರೆ, ಅದರ ಹಿಂದಿನ ಗುಡ್ಡದ ಸಾಲನ್ನು ನಕಾಶೆಯ ಗುಡ್ಡಕ್ಕೆ ಹೊಂದಿಸಿ. ಕಣ್ಣು ಉರಿಯುವ ಕೆಲಸ, ಅಷ್ಟೇ.

ನನಗೆ ಮೈ ಉರಿಯುವುದು "ರಹಸ್ಯ" ಅನ್ನುವ ಆ ನಾಟಕಕ್ಕೆ. ಗುಟ್ಟನ್ನು ಯಾರಿಂದ ಕಾಪಾಡುತ್ತಿದ್ದಾರೆ? ಶತ್ರುವಿನಿಂದ ಅಲ್ಲ. ಸ್ವಂತ ಜನರಿಂದ.

ಶಮ್ಸಿ ಕತೆ ಕೇಳಿ. ಬಲೂಚಿಸ್ತಾನದ ಬೆಂಗಾಡಿನಲ್ಲಿ ಒಂದು ರನ್‌ವೇ. ಅರಬ್ ಶೇಖ್‌ಗಳು ಗಿಡುಗ ಹಿಡಿದುಕೊಂಡು ಬೇಟೆಗೆ ಬಂದಿಳಿಯುತ್ತಿದ್ದ ಜಾಗ. ಅಮೆರಿಕದ ಡ್ರೋನ್‌ಗಳು ನಮ್ಮ ನೆಲದಿಂದ ಹಾರುತ್ತಿಲ್ಲ ಎಂದು ಪಾಕಿಸ್ತಾನ ಸರ್ಕಾರ ಹೇಳುತ್ತಲೇ ಇತ್ತು. 2009ರ ಫೆಬ್ರುವರಿಯಲ್ಲಿ ಅಮೆರಿಕದ ಸೆನೆಟರ್ ಡಯಾನ್ ಫೈನ್‌ಸ್ಟೈನ್ ಒಂದು ವಿಚಾರಣೆಯ ನಡುವೆ, ಅವು ಪಾಕಿಸ್ತಾನದ ನೆಲೆಯಿಂದಲೇ ಹಾರುತ್ತವೆ ಅಂತ ತಿಳಿದಿದ್ದೇನೆ ಎಂದುಬಿಟ್ಟರು. ಕೆಲವೇ ದಿನಗಳಲ್ಲಿ ಪತ್ರಿಕೆಗಳಲ್ಲಿ ಗೂಗಲ್ ಅರ್ಥ್‌ನ 2006ರ ಚಿತ್ರ ಬಂತು. ಶಮ್ಸಿಯಲ್ಲಿ ಸಾಲಾಗಿ ಮೂರು ಪ್ರಿಡೇಟರ್, ಅಮೆರಿಕದ ಡ್ರೋನ್‌ಗಳೇ! ಅಮೆರಿಕಕ್ಕೆ ಗೊತ್ತಿತ್ತು, ಪಾಕಿಸ್ತಾನದ ಸೇನೆಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವನು ಪಾಕಿಸ್ತಾನದ ಮತದಾರ ಒಬ್ಬನೇ.

ಸುಮ್ನೆ ಹೇಳುತ್ತಿಲ್ಲ. 2010ರಲ್ಲಿ ಗುಪ್ತ ಕಡತ ಬಯಲು ಮಾಡುವ ವಿಕಿಲೀಕ್ಸ್ ತಾಣ ಹೊರಹಾಕಿದ ಅಮೆರಿಕದ ರಾಯಭಾರ ಕಚೇರಿಯ ಪತ್ರದಲ್ಲಿ ಪಾಕಿಸ್ತಾನದ ಆಗಿನ ಪ್ರಧಾನಿ ಗಿಲಾನಿ 2008ರಲ್ಲಿ ಆಡಿದ ಮಾತು ದಾಖಲಾಗಿದೆ. ಸರಿಯಾದವರನ್ನು ಹೊಡೆಯುವುದಾದರೆ ಹೊಡೆಯಲಿ, ನಾವು ಸಂಸತ್ತಿನಲ್ಲಿ ಪ್ರತಿಭಟಿಸುತ್ತೇವೆ, ಆಮೇಲೆ ಕಡೆಗಣಿಸುತ್ತೇವೆ ಅನ್ನುವ ಅರ್ಥದ ಮಾತು. ಎಂಥ ಪ್ರಾಮಾಣಿಕತೆ ನೋಡಿ, ಮುಚ್ಚಿದ ಬಾಗಿಲ ಹಿಂದೆ! 2011ರ ನವೆಂಬರ್‌ನಲ್ಲಿ ಅಫ್ಘಾನ್ ಗಡಿಯ ಸಲಾಲಾದಲ್ಲಿ ಅಮೆರಿಕ ಇರುವ ನೇಟೊ ಕೂಟದ ದಾಳಿಗೆ 24 ಪಾಕಿಸ್ತಾನಿ ಸೈನಿಕರು ಸತ್ತ ಮೇಲಷ್ಟೇ ಶಮ್ಸಿ ಖಾಲಿ ಮಾಡಿಸಿದರು.

ಆ ಮೂರು ಆಕೃತಿ ನೋಡಿದರೆ ನನಗೆ ಈಗಲೂ ರೋಮಾಂಚನ. ಅವು ಎದ್ದು ಹೋಗಿ ಯಾರ ಮನೆಯ ಮೇಲೆ ಏನು ಹಾಕಿರಬಹುದು ಅಂತ ಯೋಚನೆ ಬಂದಾಗ ಆ ರೋಮಾಂಚನದ ಬಗ್ಗೆಯೇ ಅಸಹ್ಯ. ಎರಡೂ ಒಟ್ಟಿಗೇ ಇರುತ್ತವೆ, ಏನು ಮಾಡಲಿ.

ಸೌದಿಯದ್ದೂ ಇದೇ ಹಣೆಬರಹ. ಅಲ್ಲಿ ಅಮೆರಿಕದ ಡ್ರೋನ್ ನೆಲೆ ಇರುವುದು ಅಮೆರಿಕದ ದೊಡ್ಡ ಪತ್ರಿಕೆಗಳಿಗೆ ಗೊತ್ತಿತ್ತು. ಅಮೆರಿಕ ಸರ್ಕಾರ ಬೇಡ ಅಂದಿತು, ಪತ್ರಿಕೆಯವರು ಜಾಗ ಹೇಳದೆ ಬಾಯಿ ಮುಚ್ಚಿಕೊಂಡರು. 2013ರ ಫೆಬ್ರುವರಿಯಲ್ಲಿ ಕೊನೆಗೂ ಬರೆದರು. ಬರೆದ ಬೆನ್ನಿಗೇ ಅಮೆರಿಕದ ತಂತ್ರಜ್ಞಾನ ಪತ್ರಿಕೆ ವೈರ್ಡ್, ಸೌದಿಯ ರಬ್ ಅಲ್ ಖಾಲಿ ಮರುಭೂಮಿಯ ರನ್‌ವೇ, ಹ್ಯಾಂಗರ್‌ಗಳ ಚಿತ್ರ ಹಾಕಿ ಇದೇ ಇರಬಹುದು ಎಂದಿತು. ಚಿತ್ರ ಸಿಕ್ಕಿದ್ದು ಮೈಕ್ರೋಸಾಫ್ಟ್‌ನ ನಕಾಶೆ ತಾಣ ಬಿಂಗ್ ಮ್ಯಾಪ್ಸ್‌ನಲ್ಲಿ. ಪುಕ್ಕಟೆ.

ಆಗ ರಾಷ್ಟ್ರಪತಿಯಾಗಿದ್ದ ಕಲಾಂ ಅವರೇ 2005ರಲ್ಲಿ, ಗೂಗಲ್ ಅರ್ಥ್ ಬಂದ ವರ್ಷವೇ, ಎಚ್ಚರಿಸಿದ್ದರಲ್ಲ ಅನ್ನುತ್ತೀರಿ. ಹೌದು. ಭಯೋತ್ಪಾದಕರ ಕೈಗೆ ಇದು ಸಿಕ್ಕರೆ ಅನ್ನುವ ಅವರ ಭಯ ಪೊಳ್ಳಲ್ಲ. ಸೇನೆಯ ಲಾರಿಗಳು ಹೊರಟಾಗ ಫೇಸ್‌ಬುಕ್ ಲೈವ್ ಮಾಡುವವನಿಗೆ ನಾನೂ ಎರಡು ಬಿಡುತ್ತೇನೆ. ಆದರೆ ಸ್ವಂತ ಉಪಗ್ರಹ ಇರುವ ದೇಶ, ದುಡ್ಡು ಚೆಲ್ಲಿ ಇನ್ನೂ ಜಾಸ್ತಿ ಸ್ಪಷ್ಟ ಚಿತ್ರ ಕೊಳ್ಳಬಲ್ಲ ದೇಶ, ನನ್ನ ಪೋಸ್ಟಿಗೆ ಕಾದು ಕೂತಿರುತ್ತದೆಯೇ? ಪಹಲ್ಗಾಮ್ ದಾಳಿ ಆದ ಮೇಲೆ, 2025ರ ಏಪ್ರಿಲ್‌ನಲ್ಲಿ, ಸೇನೆಯ ಚಲನವಲನ ಲೈವ್ ತೋರಿಸಬೇಡಿ ಅಂತ ಕೇಂದ್ರ ಸರ್ಕಾರ ಸೂಚನೆ ಹೊರಡಿಸಿತಲ್ಲ, ಕಾರ್ಗಿಲ್, 26/11ರ ಉದಾಹರಣೆ ಕೊಟ್ಟಿದ್ದು ಯಾರಿಗೆ ಚುಚ್ಚಲು? ಟೀವಿಯವರಿಗೆ! ಪೋಸ್ಟ್ ಹಾಕುವ ನಮಗೂ ಅದರಲ್ಲಿ ಒಂದು ಮಾತು ಇತ್ತು ಬಿಡಿ.

ಇನ್ನು ಸೈನಿಕರೇ ಬಿಟ್ಟುಕೊಟ್ಟದ್ದು. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ನೇಥನ್ ರೂಸರ್ ಎಂಬ ವಿದ್ಯಾರ್ಥಿ ಓಟ, ಸೈಕಲ್ ಸವಾರಿಯ ದಾರಿ ದಾಖಲಿಸುವ ಸ್ಟ್ರಾವಾ ಆ್ಯಪ್‌ನ ನಕಾಶೆ ನೋಡಿದ. ಕತ್ತಲೆಯ ಮರುಭೂಮಿಯಲ್ಲಿ ಅಲ್ಲಲ್ಲಿ ಮಿನುಗುವ ಗೆರೆಗಳು. ಸೇನಾ ನೆಲೆಯೊಳಗೆ ಜಾಗಿಂಗ್ ಮಾಡಿದವರ ಹೆಜ್ಜೆ ಜಾಡು ಅವು.

ನಮ್ಮ ಚಳ್ಳಕೆರೆಯನ್ನೇ ನೋಡಿ. ಅದು ನೆಲೆಯಲ್ಲ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಡ್ರೋನ್ ಹಾರಿಸಿ ನೋಡುವ ಪರೀಕ್ಷಾ ವಲಯ, 2017ರಲ್ಲಿ ಉದ್ಘಾಟನೆ ಆದದ್ದು. ಗುಟ್ಟೂ ಅಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಒಂದು ಡ್ರೋನ್ ಜೋಡಿಚಿಕ್ಕೇನಹಳ್ಳಿ ಎಂಬ ಊರಿನ ಹತ್ತಿರ ಬಿತ್ತು, 2023ರ ಆಗಸ್ಟ್‌ನಲ್ಲಿ ಇನ್ನೊಂದು ಹಿರಿಯೂರು ತಾಲ್ಲೂಕಿನ ಹೊಲದಲ್ಲಿ. ಜನ ಸೇರಿದರು, ಫೋಟೊಗಳು ಊರೂರು ಸುತ್ತಿದವು. ಅಲ್ಲಿ ಅಮೃತಮಹಲ್ ಕಾವಲಿನ ಹುಲ್ಲುಗಾವಲಲ್ಲಿ ಕುರಿ ದನ ಮೇಯಿಸಿಕೊಂಡಿದ್ದವರು ಗೋಡೆ ಎದ್ದದ್ದನ್ನು ನೋಡಿದರು, ಹಸಿರು ನ್ಯಾಯಮಂಡಳಿವರೆಗೂ ವಿಷಯ ಹೋಯಿತು. ತಲೆಯ ಮೇಲೆ ಹಾರುವುದೇನು, ಹೊಲಕ್ಕೆ ಬಿದ್ದದ್ದೇನು ಅಂತ ಅವರು ಕೇಳಿದರೆ ಅದೂ ದೇಶದ್ರೋಹವೇ?

ಬೈಯುವವರು ಕಾಮೆಂಟಿನಲ್ಲಿ ಬೈಯಿರಿ, ನನಗೆ ಅಭ್ಯಾಸ ಇದೆ. ಇನ್‌ಬಾಕ್ಸಿಗೆ ಕೆಂಪು ವೃತ್ತ ಕಳಿಸುವವರು ಮಾತ್ರ ದಯವಿಟ್ಟು ತಾರೀಖು, ಜಾಗ ಹಾಕಿ ಕಳಿಸಿ. ಮೊನ್ನೆ ಒಬ್ಬರು "ಇದು ಡ್ರೋನ್ ಹ್ಯಾಂಗರ್ ಅಲ್ವಾ ಮೇಡಂ" ಅಂತ ಕಳಿಸಿದ್ದು ಕೋಳಿ ಫಾರಂ. ರನ್‌ವೇ ಎಲ್ಲಿದೆ ಸಾರ್ ಅಂತ ಕೇಳಿದ್ದೇನೆ, ಇನ್ನೂ ಉತ್ತರ ಇಲ್ಲ.