ಪಾತ್ರೆ ತೊಳೆಯೋರು ಯಾರು?

ಇಪ್ಪತ್ತಾರನೇ ವಯಸ್ಸಿನಲ್ಲಿ ನನಗೆ ಕೆಲಸ, ಬಾಡಿಗೆ ಮನೆ, ತಿಂಗಳ ಸಂಬಳ ಎಲ್ಲದರ ಮೇಲೂ ಬೇಸರ ಬಂದಿತ್ತು. ಕೂದಲು ಬಿಟ್ಟೆ. ಫೋನ್ ಆಫ್ ಮಾಡಿ ಡ್ರಾಯರಿಗೆ ಹಾಕಿದೆ. 'ಇಲ್ಲಿ ಯಾರೂ ಯಜಮಾನರಲ್ಲ' ಎನ್ನುತ್ತಿದ್ದ ಒಂದು ಗುಂಪಿನ ಜೊತೆ ಮೂರು ತಿಂಗಳು ಇದ್ದು ಬಂದೆ. ಹೆಸರು ಬೇಡ ಬಿಡಿ, ಆ ಗುಂಪು ಈಗ ಇಲ್ಲ.

ಮೊದಲ ವಾರ ಸ್ವರ್ಗ. ರಾತ್ರಿ ಬೆಂಕಿ ಸುತ್ತ ಕೂತು ಹಣ, ಮದುವೆ, ಸರ್ಕಾರ ಎಲ್ಲದಕ್ಕೂ ಮಂಗಳ ಹಾಡುತ್ತಿದ್ದೆವು. ಎರಡನೇ ವಾರ ಸಿಂಕ್ ಕಣ್ಣಿಗೆ ಬಿತ್ತು. ಹದಿನೆಂಟು ಜನರ ತಟ್ಟೆ ಲೋಟ. ಕೆಳಗೆ ತಳ ಹತ್ತಿದ ದೊಡ್ಡ ಪಾತ್ರೆ. ಯಾರೋ ಅದಕ್ಕೆ ನೀರು ತುಂಬಿಸಿ, ನೆನೆಯಲಿ ಅಂತ ಬಿಟ್ಟು ಹೋಗಿದ್ದರು. ನೀರಿನ ಮೇಲೆ ಜಿಡ್ಡು ಕೆನೆ ಕಟ್ಟಿತ್ತು. ಗೋಡೆಯ ಮೇಲೆ ಒಂದು ಚೀಟಿ: 'ಮನಸ್ಸು ಬಂದವರು ತೊಳೆಯಿರಿ.' ಮನಸ್ಸು ಬರುತ್ತಿದ್ದದ್ದು ಮೂರೇ ಜನಕ್ಕೆ. ಮೂವರೂ ಹೆಂಗಸರು.

ಅವರಲ್ಲಿ ವಯಸ್ಸಿನಲ್ಲಿ ದೊಡ್ಡವರನ್ನು ನಾವೆಲ್ಲ ಅಕ್ಕ ಅಂತಿದ್ದೆವು. ಒಂದು ದಿನ ನಾನು 'ನಾಳೆ ತೊಳೀತೀನಿ ಅಕ್ಕಾ, ಈಗ ಚರ್ಚೆ ಇದೆ' ಅಂದೆ. ಅವರು ತಲೆ ಎತ್ತದೆ, 'ನೀವು ಕ್ರಾಂತಿ ಮುಗಿಸ್ಕೊಂಡು ಬನ್ನಪ್ಪಾ, ಅಷ್ಟರಲ್ಲಿ ನಾನು ತೊಳೆದಿರ್ತೀನಿ' ಅಂದರು. ನಾನು ಹೋಗಿ ಚರ್ಚೆಯಲ್ಲೇ ಕೂತೆ. ಇದನ್ನು ಬರೆಯೋಕೆ ಈಗಲೂ ನಾಚಿಕೆ.

ಆಮೇಲಿಂದ ಪರ್ಯಾಯ ಬದುಕಿನ ಬಗ್ಗೆ ಏನೇ ಓದಿದರೂ ನನ್ನ ಕಣ್ಣು ಅಡುಗೆಮನೆ ಕಡೆಗೇ ಹೋಗುತ್ತದೆ. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹಿಪ್ಪಿಗಳ ಬಡಾವಣೆ ಹೇಟ್-ಆಶ್‌ಬರಿಯಲ್ಲಿ ಡಿಗ್ಗರ್ಸ್ ಎಂಬ ಗುಂಪು ಬೀದಿಗೆ ಬಂದ ಹುಡುಗರಿಗೆಲ್ಲ ಬಿಟ್ಟಿ ಊಟ ಹಾಕುತ್ತಿತ್ತು. ದುಡ್ಡೇ ಇಲ್ಲದ ಅಂಗಡಿಯನ್ನೂ ತೆರೆದರು. ದೊಡ್ಡ ಮನಸ್ಸು, ನಿಜ. ಆದರೆ ಆ ಊಟ ಬೇಯಿಸುತ್ತಿದ್ದವರು ಹೆಚ್ಚಾಗಿ ಹೆಂಗಸರೇ. ಮುಂದಿನ ವರ್ಷದ ಬೇಸಿಗೆಯಲ್ಲಿ ಆ ಬೀದಿಗೆ ಜನಸಾಗರ ನುಗ್ಗಿತು. ಅಕ್ಟೋಬರ್ 6, 1967ರಂದು ಅಲ್ಲಿಯವರೇ ಶವಪೆಟ್ಟಿಗೆ ಹೊತ್ತು 'ಹಿಪ್ಪಿ ಸತ್ತ' ಅಂತ ಅಣಕು ಮೆರವಣಿಗೆ ಮಾಡಿದರು. ಪಂಕ್‌ಗಳ ಕಥೆಯೂ ಅಷ್ಟೇ. ಆ ಬಂಡಾಯ ಸಂಗೀತದ ಹುಡುಗರು ಬಟ್ಟೆಗೆ ಚುಚ್ಚಿಕೊಳ್ಳುತ್ತಿದ್ದ ಸೇಫ್ಟಿ ಪಿನ್ 1977ಕ್ಕೇ ಫ್ಯಾಷನ್ ಡಿಸೈನರ್ ಹೊಲಿದ ಉಡುಪಿಗೆ ಏರಿತ್ತು. ಬಟ್ಟೆ, ಕೂದಲು ಮಾರುಕಟ್ಟೆಗೆ ಸಲೀಸಾಗಿ ಸಿಗುತ್ತವೆ. ಎಂಜಲು ತಟ್ಟೆ ಯಾರಿಗೂ ಬೇಡ, ಅಲ್ವಾ?

ಅಮೆರಿಕದ ಟೆನೆಸಿಯಲ್ಲಿ ಎಲ್ಲರೂ ಕೂಡಿ ಬಾಳುವ 'ದಿ ಫಾರ್ಮ್' ಎಂಬ ಸಮುದಾಯ 1971ರಲ್ಲಿ ಶುರುವಾಯಿತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬಸ್ಸುಗಳಲ್ಲಿ ಹೊರಟವರು ಅಲ್ಲಿ ನೆಲೆ ನಿಂತರು. ಕೈಯಲ್ಲಿದ್ದದ್ದೆಲ್ಲ ಒಂದೇ ಗಂಟು. ಜನ ಸಾವಿರ ದಾಟಿದರು, ಸಾಲವೂ ಬೆಳೆಯಿತು. 1983ರಲ್ಲಿ ಒಂದೇ ಗಂಟಿನ ಪದ್ಧತಿ ಬಿಟ್ಟು, ಪ್ರತಿಯೊಬ್ಬರೂ ದುಡಿದು ಇಂತಿಷ್ಟು ಕಟ್ಟಬೇಕು ಅಂತ ಮಾಡಿದರು. ಬಹಳ ಜನ ಎದ್ದು ಹೋದರು. ಹಾಗಂತ ನಗುವ ಹಾಗೂ ಇಲ್ಲ. ಉಳಿದವರು ಇಂದಿಗೂ ಅಲ್ಲೇ ಇದ್ದಾರೆ.

ನನಗೆ ಇಷ್ಟವಾದದ್ದು ವರ್ಜೀನಿಯಾದ ಇಂಥದ್ದೇ ಸಮುದಾಯ, ಟ್ವಿನ್ ಓಕ್ಸ್. 1967ರಲ್ಲಿ ಎಂಟು ಜನ ಶುರು ಮಾಡಿದ್ದು. ಈಗಲೂ ನಡೆಯುತ್ತಿದೆ. ಅಲ್ಲಿ ಕೆಲಸಕ್ಕೆ ಲೆಕ್ಕ ಇದೆ, ವಾರಕ್ಕೆ ಇಂತಿಷ್ಟು ಗಂಟೆ ಅಂತ. ಹೊರಗೆ ಮಾರೋಕೆ ಏನಾದರೂ ತಯಾರಿಸಿದರೆ ಎಷ್ಟು ಲೆಕ್ಕವೋ, ಅಡುಗೆ ಮಾಡಿದರೆ, ಮಗು ನೋಡಿಕೊಂಡರೆ, ಪಾತ್ರೆ ತೊಳೆದರೆ ಅಷ್ಟೇ ಲೆಕ್ಕ. ಆರಂಭದಲ್ಲಿ ಯಾರಿಗೂ ಬೇಡದ ಕೆಲಸಕ್ಕೆ ಜಾಸ್ತಿ ಅಂಕ ಕೊಡುತ್ತಿದ್ದರು. ಆಮೇಲೆ ಯಾವ ಕೆಲಸವಾದರೂ ಒಂದು ಗಂಟೆಗೆ ಒಂದೇ ಅಂಕ ಅಂತಾಯಿತು.

ಓದಿದಾಗ ನಗು ಬಂತು. ನಾನು ಆಫೀಸಿನ ಹಾಜರಿ ಪುಸ್ತಕದಿಂದ ತಪ್ಪಿಸಿಕೊಂಡು ಓಡಿದ್ದು, ಇಲ್ಲಿ ನೋಡಿದರೆ ಮತ್ತೆ ಗಂಟೆ ಲೆಕ್ಕ! ಆದರೂ ನಮ್ಮ 'ಮನಸ್ಸು ಬಂದವರು' ಚೀಟಿಗಿಂತ ಇದೇ ನ್ಯಾಯ ಅನ್ನಿಸಿತು. ಲೆಕ್ಕ ಇಡದ ಕಡೆ ಮೈಗಳ್ಳರಿಗೆ ಸ್ವಾತಂತ್ರ್ಯ, ಮರ್ಯಾದಸ್ಥರಿಗೆ ಚಾಕರಿ.

ವ್ಯಾನನ್ನೇ ಮನೆ ಮಾಡಿಕೊಂಡು ತಿರುಗುವ ಈಗಿನವರ ವಿಡಿಯೋಗಳನ್ನೂ ನೋಡುತ್ತೇನೆ. ಹಿಂದಿನ ಬಾಗಿಲು ತೆರೆದರೆ ಸಮುದ್ರ, ಕೈಯಲ್ಲಿ ಬಿಸಿ ಕಪ್. ಚೆನ್ನಾಗಿದೆ. ಟಾಯ್ಲೆಟ್ ಡಬ್ಬಿ ಖಾಲಿ ಮಾಡೋಕೆ ಹೊತ್ತುಕೊಂಡು ಹೋಗುವುದನ್ನೂ ಹತ್ತು ಸೆಕೆಂಡ್ ತೋರಿಸಿ ಮಾರಾಯ್ರೇ, ನಂಬಿಕೆ ಜಾಸ್ತಿ ಆಗುತ್ತದೆ.

ಅಕ್ಕನ ಕಥೆ ಹೇಳೋದು ಉಳಿಯಿತು. ಹತ್ತನೇ ವಾರ ಒಂದು ಬೆಳಗ್ಗೆ ಅವರು ಬ್ಯಾಗ್ ಹೆಗಲಿಗೆ ಹಾಕಿ ಹೊರಟುಹೋದರು. ಜಗಳವಿಲ್ಲ, ಭಾಷಣವಿಲ್ಲ. ಆ ರಾತ್ರಿ ಬೆಂಕಿ ಸುತ್ತ ಚರ್ಚೆ ನಡೆಯಿತು. ವಿಷಯ, ಅವರು ಯಾಕೆ ಹೋದರು. ನಾನು ಎದ್ದು ಆ ದೊಡ್ಡ ಪಾತ್ರೆಯನ್ನು ಹೊರಗೆ ಎಳೆದು ತಂದೆ. ತಳದ ಕರಿ ಬಿಡಿಸೋಕೆ ಮುಕ್ಕಾಲು ಗಂಟೆ ಹಿಡಿಯಿತು.