ಸ್ಟಿಕರ್ ಇದ್ದ ಮಾತ್ರಕ್ಕೆ ಮೈಕ್ರೋಮೀಟರ್ ಪಾಸಾ?

ಪೀಣ್ಯದ ಮೆಷಿನ್ ಶಾಪ್‌ಗಳಲ್ಲಿ ಮೈಕ್ರೋಮೀಟರ್ (ಸೂಕ್ಷ್ಮ ಅಳತೆ ತೆಗೆಯೋ ಉಪಕರಣ) ಡಬ್ಬಿ ಮೇಲೆ ಕ್ಯಾಲಿಬ್ರೇಷನ್ ಸ್ಟಿಕರ್ ಅಂಟಿಸಿರ್ತಾರೆ. ಆಡಿಟ್‌ನಲ್ಲಿ ಡ್ಯೂ ಡೇಟ್ ನೋಡಿ ಟಿಕ್ ಹಾಕಿದರೆ ಮುಗೀತು. ಸರ್ಟಿಫಿಕೇಟ್ ಬಿಚ್ಚಿ ಓದೋರು ಕಡಿಮೆ. ಉಪಕರಣ ಎಷ್ಟು ತಪ್ಪು ತೋರಿಸುತ್ತೆ ಅಂತ ಅಳೆದು ಬರೆಯೋದಷ್ಟೇ ಕ್ಯಾಲಿಬ್ರೇಷನ್. ಪಾಸೋ ಫೇಲೋ ಅನ್ನೋದನ್ನ ನೀವು ಕೇಳದಿದ್ದರೆ ಲ್ಯಾಬ್ ಹೇಳಬೇಕಾಗಿಲ್ಲ.

0–25 ಮಿ.ಮೀ. ಮೈಕ್ರೋಮೀಟರನ್ನೇ ತಗೊಳ್ಳಿ. ಒಳ್ಳೆ ಸರ್ಟಿಫಿಕೇಟಲ್ಲಿ ಸ್ಲಿಪ್ ಗೇಜ್ (ಅಳತೆ ನಿಖರವಾಗಿ ಗೊತ್ತಿರೋ ಬಿಲ್ಲೆ) ಅಳತೆ 2.5, 5.1, 7.7, 10.3, 12.9 ಅಂತ ವಿಚಿತ್ರವಾಗಿರುತ್ತೆ. ಥಿಂಬಲ್ (ಕೈಯಲ್ಲಿ ತಿರುಗಿಸೋ ಗೆರೆ ಹಾಕಿದ ಭಾಗ) ಒಂದು ಸುತ್ತಿಗೆ ಅರ್ಧ ಮಿ.ಮೀ. ಸಾಗುತ್ತೆ. 5, 10, 15 ಅಂತ ನೋಡ್ತಾ ಹೋದರೆ ಥಿಂಬಲ್ ಪ್ರತಿ ಸಲ ಸೊನ್ನೆಗೇ ಬಂದು ನಿಲ್ಲುತ್ತೆ, ಸುತ್ತಿನ ನಡುವಿನ ತಪ್ಪು ಸಿಗೋದೇ ಇಲ್ಲ. ಅಂಥ ಸರ್ಟಿಫಿಕೇಟ್ ನನ್ನ ಲೆಕ್ಕದಲ್ಲಿ ಅರ್ಧ ಕೆಲಸ.

ಈಗ ಮಿತಿ ±4 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಅಂತಿಟ್ಟುಕೊಳ್ಳಿ. 22.8 ಮಿ.ಮೀ. ಗೇಜಲ್ಲಿ ತಪ್ಪು +3, ಅನ್‌ಸರ್ಟನಿಟಿ, ಅಂದರೆ ಲ್ಯಾಬ್ ಅಳತೆಯಲ್ಲೇ ಇರೋ ಅನುಮಾನ, ±1.5 (ಕೆ=2, ಅಂದರೆ ಸುಮಾರು 95% ಖಾತ್ರಿ). ಮೂರು ನಾಲ್ಕಕ್ಕಿಂತ ಕಡಿಮೆ, ಪಾಸ್ ಅಂತೀರಾ? ನಿಜವಾದ ತಪ್ಪು 4.5ರವರೆಗೂ ಇರಬಹುದು. ಮಿತಿ ಮೀರಿರೋ ಸಾಧ್ಯತೆ ನೂರಕ್ಕೆ ಸುಮಾರು 9. ಮಿತಿಯಿಂದ ಅನ್‌ಸರ್ಟನಿಟಿ ಕಳೆದು 2.5ರೊಳಗಿದ್ದರೆ ಮಾತ್ರ ಪಾಸ್ ಅನ್ನೋದು ಗಾರ್ಡ್ ಬ್ಯಾಂಡ್ ಪದ್ಧತಿ. ಆಗ ಇದು ಪಾಸಲ್ಲ. ಉಪಕರಣ ಅದೇ, ಅಂಕಿ ಅದೇ, ತೀರ್ಪು ಎರಡು. ಅದಕ್ಕೇ ಲ್ಯಾಬ್‌ಗಳ ಸ್ಟ್ಯಾಂಡರ್ಡ್ ಐಎಸ್‌ಒ/ಐಇಸಿ 17025ರ 2017ರ ಆವೃತ್ತಿ, ಪಾಸ್-ಫೇಲ್ ಕೇಳಿದರೆ ಯಾವ ನಿಯಮದ ಮೇಲೆ ಅನ್ನೋದನ್ನ ಮೊದಲೇ ಒಪ್ಪಿಕೊಳ್ಳಿ ಅನ್ನುತ್ತೆ. ಉಪಕರಣ ಕಳಿಸುವಾಗಲೇ ಚಲನ್ ಮೇಲೆ ಮಿತಿ, ನಿಯಮ ಎರಡೂ ಬರೆದುಬಿಡಿ.

ಲ್ಯಾಬ್ ಪಾಸ್ ಅಂದರೂ ನಿಮ್ಮ ಡ್ರಾಯಿಂಗ್ ಒಪ್ಪಬೇಕಲ್ಲ! 25 ಮಿ.ಮೀ. ಎಚ್7 (ಸಣ್ಣ h, ಶಾಫ್ಟಿನ ಟಾಲರೆನ್ಸ್ ಗುರುತು) ಶಾಫ್ಟ್ ಅಂದರೆ 24.979ರಿಂದ 25.000, ಒಟ್ಟು 21 ಮೈಕ್ರಾನ್ ಜಾಗ. +3 ತಪ್ಪಿರೋ ಮೈಕ್ರೋಮೀಟರ್ 24.980 ತೋರಿಸಿದರೆ ಪೀಸ್ ನಿಜಕ್ಕೂ 24.977, ರಿಜೆಕ್ಟ್. ಸರ್ಟಿಫಿಕೇಟಲ್ಲಿರೋ ತಪ್ಪನ್ನ ರೀಡಿಂಗ್‌ನಿಂದ ಕಳೆಯಬೇಕು. ಲೇತ್ ಮುಂದೆ ನಿಂತವರು ಈ ಲೆಕ್ಕ ಹಾಕಲ್ಲ, ಹಾಕಬೇಕು ಅಂತ ಬಯಸೋದೂ ತಪ್ಪು. ಇಂಥ ಕೆಲಸಕ್ಕೆ ಬೇರೆ ಉಪಕರಣವೇ ಕೊಡಿ.

ಫೇಲ್ ಆದರೆ ತಕ್ಷಣ ಸೊನ್ನೆ ಸರಿಮಾಡಿಸಿ ಸುಮ್ಮನಾಗಬೇಡಿ. ಸರಿಮಾಡೋ ಮುಂಚಿನ ರೀಡಿಂಗನ್ನೂ ಲ್ಯಾಬಿಂದ ಬರೆಸಿಕೊಳ್ಳಿ. ಕಳೆದ ಕ್ಯಾಲಿಬ್ರೇಷನ್‌ನಿಂದ ಇಲ್ಲೀವರೆಗೆ ಆ ಮೈಕ್ರೋಮೀಟರ್ ಪಾಸ್ ಮಾಡಿದ ಬ್ಯಾಚ್‌ಗಳಲ್ಲಿ ಯಾವುದನ್ನ ವಾಪಸ್ ನೋಡಬೇಕು ಅಂತ ಗೊತ್ತಾಗೋದು ಅದರಿಂದಲೇ.